ಅಮ್ಮನಿಗೆ ಜ್ವರ ಬರಲಿಲ್ಲ

ಕಳೆದ ಆಷಾಢದಲ್ಲಿ ಮೂರು ದಿನ ನಾನು ಅಮ್ಮನ ಹಣೆ ಮುಟ್ಟಿ ನೋಡಿದ್ದೇ ನೋಡಿದ್ದು. ತಣ್ಣಗಿತ್ತು. ತೀರ್ಥಹಳ್ಳಿ ಕಡೆಯ ಮಳೆ ಗೊತ್ತಲ್ಲ, ಹಿಡಿದರೆ ಬಿಡುವುದಿಲ್ಲ. ತೋಟಕ್ಕೆ ಔಷಧಿ ಹೊಡೆಯಲು ಒಂದು ದಿನ ಹೊಳವಾದರೆ ಸಾಕು ಎಂದು ಅಣ್ಣ ಬೆಳಿಗ್ಗೆ ಎದ್ದು ಆಕಾಶ ನೋಡುತ್ತಿದ್ದ. ಮನೆಯಲ್ಲಿ ಎಲ್ಲರೂ ಬಚ್ಚಲ ಒಲೆಯ ಸುತ್ತಲೇ ಇದ್ದೆವು. ಅಮ್ಮನೂ ಅಲ್ಲೇ ಕಂಬಳಿ ಹೊದ್ದು ಕೂತಿದ್ದಳು. 'ಯಾಕೋ ಚಳಿ ಆಗ್ತಿದೆ' ಅಂದಳು. ಈ ಮಳೆಯಲ್ಲಿ ಯಾರಿಗೆ ಚಳಿಯಾಗುವುದಿಲ್ಲ ಹೇಳಿ. ಆದರೂ ಥರ್ಮಾಮೀಟರ್ ಇಟ್ಟು ನೋಡಿದೆ. 98.2. 'ಜ್ವರ ಏನಿಲ್ಲ ಅಮ್ಮ' ಅಂದೆ. ಅವಳು ತಲೆ ಆಡಿಸಿದಳು.

ಮಾರನೇ ದಿನ ಅವಳು ಕಷಾಯ ಸೋಸಲು ಹೋಗಿ ಲೋಟದ ಬದಲು ಉಪ್ಪಿನ ಮರಿಗೆಗೆ ಸುರಿದಳು. ವಯಸ್ಸು 77, ಕಣ್ಣು ಮಂಜು, ಹೊರಗೆ ಮೋಡ, ಕರೆಂಟಿಲ್ಲ. ಕಾರಣಗಳಿಗೆ ಕೊರತೆ ಇರಲಿಲ್ಲ. ಮಧ್ಯಾಹ್ನ ಗಂಜಿ ಅರ್ಧಕ್ಕೇ ಬಿಟ್ಟಳು. ಊಟವಾದ ಮೇಲೆ ಎಲೆಯಡಿಕೆಯ ಕವಳದ ತಟ್ಟೆ ಎಳೆದುಕೊಳ್ಳಲಿಲ್ಲ. ಕವಳ ಬಿಡು ಎಂದು ವರ್ಷಗಳಿಂದ ಹೇಳುತ್ತಿದ್ದವಳು ನಾನು. ಹಾಗಾಗಿ ಅವಳು ಬಿಟ್ಟಳಲ್ಲ ಎಂದು ಒಳಗೊಳಗೇ ಖುಷಿಯೇ ಆಯಿತು. ಸಂಜೆ ಮತ್ತೆ ಥರ್ಮಾಮೀಟರ್. 97.9. ನಿಶ್ಚಿಂತೆಯಿಂದ ಮಲಗಿದೆ.

ಮೂರನೇ ದಿನ ಬೆಳಿಗ್ಗೆ ಅಮ್ಮ ನನ್ನನ್ನು ಅವಳ ತಂಗಿಯ ಹೆಸರಿನಿಂದ ಕರೆದಳು. ಆ ಚಿಕ್ಕಮ್ಮ ತೀರಿಕೊಂಡು ಹದಿನಾಲ್ಕು ವರ್ಷವಾಯಿತು. ಅಣ್ಣ ಕಾರು ತೆಗೆದ. ಮಂಡಗದ್ದೆ, ಸಕ್ರೆಬೈಲು, ಗಾಜನೂರು ದಾಟಿ ಶಿವಮೊಗ್ಗ ಸೇರುವಷ್ಟರಲ್ಲಿ ಅವಳು ನನ್ನ ಹೆಗಲ ಮೇಲೆ ಒರಗಿದ್ದಳು. ನಾಯಿ ಏದುಸಿರು ಬಿಡುವ ಹಾಗೆ ಸಣ್ಣ ಸಣ್ಣ ಉಸಿರು. ಆಸ್ಪತ್ರೆಯಲ್ಲಿ ನೋಡಿದಾಗ ಮೇಲಿನ ಬಿಪಿ 86ಕ್ಕೆ ಇಳಿದಿತ್ತು. ನಾಡಿ 118. ಶುಗರ್ 312. ಮೂತ್ರದಲ್ಲಿ ಶುರುವಾದ ಸೋಂಕು ರಕ್ತಕ್ಕೆ ಹೋಗಿತ್ತು. ಅಲ್ಲಿನ ಡಾಕ್ಟರಮ್ಮ ಹೇಳಿದ ಪದ 'ಸೆಪ್ಸಿಸ್'. ಅಣ್ಣನಿಗೆ ಅರ್ಥವಾಗಲಿಲ್ಲ ಅನಿಸಿ, 'ನಂಜು ಮೈಗೆಲ್ಲ ಏರಿದೆ' ಅಂದರು. ಅದು ನಮಗಿಬ್ಬರಿಗೂ ತಕ್ಷಣ ಅರ್ಥವಾಯಿತು.

'ಆದರೆ ಜ್ವರವೇ ಇರಲಿಲ್ಲವಲ್ಲ ಡಾಕ್ಟ್ರೇ' ಅಂದೆ. ಅಲ್ಲಿ ನಿಂತು ನಾನು ಆಡಿದ ಮಾತು ಇದೊಂದೇ. ಒಂದು ವರ್ಷದಿಂದ ನನ್ನನ್ನು ಕೊರೆಯುತ್ತಿರುವುದೂ ಇದೇ.

ಬೆಂಕಿ ಹಚ್ಚುವವರು ಯಾರು

ಜ್ವರ ಅಂದರೆ ಹೊರಗಿನಿಂದ ಬಂದು ಮೈ ಸೇರುವ ಒಂದು ವಸ್ತು ಎಂದೇ ನಾನು ತಿಳಿದಿದ್ದೆ. ನಮ್ಮ ಮಾತೂ ಹಾಗೇ ಇದೆಯಲ್ಲ. ಜ್ವರ ಬಂತು, ಜ್ವರ ಹಿಡಿಯಿತು, ಜ್ವರ ಬಿಟ್ಟಿತು. ನೆಂಟರು ಬಂದು ಹೋದ ಹಾಗೆ. ಆದರೆ ಜ್ವರ ತರುವುದು ರೋಗಾಣು ಅಲ್ಲ. ಅದನ್ನು ಮಾಡುವುದು ನಮ್ಮದೇ ಮೈ. ಸೋಂಕು ತಾಗಿದಾಗ ರಕ್ತದಲ್ಲಿರುವ ಕಾವಲಿನ ಕಣಗಳು ಇಂಟರ್‌ಲ್ಯೂಕಿನ್ ಎಂಬಂಥ ಕೆಲವು ರಾಸಾಯನಿಕಗಳನ್ನು ಬಿಡುತ್ತವೆ. ಆ ಸುದ್ದಿ ಮಿದುಳಿನ ಬುಡದಲ್ಲಿರುವ ಹೈಪೋಥಲಾಮಸ್ ಎಂಬ ಸಣ್ಣ ಭಾಗವನ್ನು ಮುಟ್ಟುತ್ತದೆ. ಅಲ್ಲಿ ಪ್ರೊಸ್ಟಾಗ್ಲಾಂಡಿನ್ ಎಂಬ ಇನ್ನೊಂದು ರಾಸಾಯನಿಕ ತಯಾರಾಗುತ್ತದೆ. ಮೈ ಎಷ್ಟು ಬಿಸಿ ಇರಬೇಕು ಎಂಬ ಗುರುತನ್ನು ಅದು ಮೇಲಕ್ಕೆ ಸರಿಸುತ್ತದೆ. ಈಗ 98 ಇರುವ ಮೈಗೆ ತಾನು ತಣ್ಣಗಿದ್ದೇನೆ ಅನ್ನಿಸುತ್ತದೆ. ಅದಕ್ಕೇ ನಡುಕ. ಅದಕ್ಕೇ ಕಂಬಳಿ ಬೇಕು ಅನ್ನಿಸುವುದು. ಚರ್ಮದ ರಕ್ತನಾಳಗಳು ಮುದುಡಿ ಕೈಕಾಲು ತಣ್ಣಗಾಗುತ್ತವೆ, ಒಳಗಿನ ಬಿಸಿ ಹೊರಗೆ ಹೋಗಬಾರದು ಅಂತ. ಹಂಡೆ ಕಾಯುವ ತನಕ ಬಚ್ಚಲ ಬಾಗಿಲು ಹಾಕಿಡುವುದಿಲ್ಲವೇ, ಹಾಗೆ. ಕೆಲಸ ಮುಗಿದ ಮೇಲೆ ಗುರುತು ಕೆಳಗೆ ಬರುತ್ತದೆ. ಆಗ ಬೆವರು. 'ಬೆವರಿತು, ಇನ್ನು ಜ್ವರ ಬಿಟ್ಟ ಹಾಗೆ' ಎಂದು ಅಜ್ಜಿ ನನ್ನ ಕತ್ತಿನ ಕೆಳಗೆ ಕೈಯಿಟ್ಟು ಹೇಳುತ್ತಿದ್ದದ್ದು ಸರಿಯಾಗಿಯೇ ಇತ್ತು.

ಈ ಬೆಂಕಿ ಸುಮ್ನೆ ಉರಿಯುವುದಿಲ್ಲ. ಮೈ ಬಿಸಿ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಒಳಗಿನ ಖರ್ಚು ಹೆಚ್ಚುಕಡಿಮೆ ನೂರಕ್ಕೆ ಹತ್ತರಷ್ಟು ಜಾಸ್ತಿಯಾಗುತ್ತದೆ. ಅಷ್ಟು ಸೌದೆ ಸುಡುವುದಕ್ಕೆ ಕಾರಣ ಇರಲೇಬೇಕು. ಆ ಕಾರಣ ನನಗೆ ಮನಸ್ಸಿಗೆ ಹತ್ತಿದ್ದು ಹಲ್ಲಿಗಳ ಕಥೆ ಓದಿದಾಗ. ನಮ್ಮ ಬೇಲಿ ಮೇಲೆ ಓತಿಕ್ಯಾತ ಬಿಸಿಲು ಕಾಯಿಸುವುದನ್ನು ನೋಡಿದ್ದೀರಲ್ಲ. ಅದಕ್ಕೆ ಒಳಗಿನಿಂದ ಬಿಸಿ ಮಾಡಿಕೊಳ್ಳಲು ಬರುವುದಿಲ್ಲ. ಹಾಗಾದರೆ ಅದಕ್ಕೆ ಸೋಂಕು ತಾಗಿದರೆ? 1970ರ ದಶಕದಲ್ಲಿ ಅಮೆರಿಕದ ಮ್ಯಾಥ್ಯೂ ಕ್ಲೂಗರ್ ಮತ್ತು ಜೊತೆಗಾರರು ಮರುಭೂಮಿಯ ಇಗುವಾನಾ ಎಂಬ ಹಲ್ಲಿ ಜಾತಿಯ ಪ್ರಾಣಿಗಳ ಮೇಲೆ ಇದನ್ನು ನೋಡಿದರು. ಸೋಂಕು ತಾಗಿದ ಹಲ್ಲಿಗಳು ತಾವಾಗಿಯೇ ಜಾಸ್ತಿ ಬಿಸಿಯಿರುವ ಜಾಗಕ್ಕೆ ಹೋಗಿ ಕೂತವು. ಹಾಗೆ ಬಿಸಿಯಲ್ಲಿ ಇಟ್ಟವು ಹೆಚ್ಚು ಬದುಕಿದವು. ತಂಪಿನಲ್ಲಿ ಇಟ್ಟವು ಹೆಚ್ಚು ಸತ್ತವು. 1975ರಲ್ಲಿ ಇದು ಪ್ರಕಟವಾಯಿತು. ಇದನ್ನು ಓದಿದ ಮೇಲೆ ನನಗೆ ಬಚ್ಚಲ ಒಲೆಯ ಮುಂದೆ ಕೂತ ಅಮ್ಮ ಕಣ್ಣಿಗೆ ಬಂದಳು. ಅವಳ ಮೈ ಬಿಸಿ ಕೇಳುತ್ತಿತ್ತು. ತಾನೇ ಮಾಡಿಕೊಳ್ಳಲು ಆಗದೆ ಒಲೆಯ ಹತ್ತಿರ ಸರಿದಿತ್ತು. ನಾನು ಅದನ್ನು ಮಳೆಯ ಚಳಿ ಅಂದುಕೊಂಡೆ.

ವಯಸ್ಸಾದವರಲ್ಲಿ ಈ ವ್ಯವಸ್ಥೆ ನಿಧಾನ. ದೊಡ್ಡ ಸೋಂಕು ತಾಗಿದ ಮುದುಕರಲ್ಲಿ ನೂರಕ್ಕೆ 20ರಿಂದ 30 ಮಂದಿಗೆ ಜ್ವರ ಬರುವುದೇ ಇಲ್ಲ, ಬಂದರೂ ತೀರಾ ಕಡಿಮೆ. ಅವರ ಮೈಯ ದಿನದ ಬಿಸಿಯೇ ನಮಗಿಂತ ತುಸು ಕೆಳಗಿರುತ್ತದೆ. ನಾವು ಕಣ್ಣುಮುಚ್ಚಿ ನಂಬುವ 98.6 ಎಂಬ ಸಂಖ್ಯೆಯನ್ನು ಗಟ್ಟಿ ಮಾಡಿದ್ದು ಕಾರ್ಲ್ ವುಂಡರ್ಲಿಕ್ ಎಂಬ ಜರ್ಮನ್ ವೈದ್ಯ, 1868ರಲ್ಲಿ. ಯಾವಾಗಲೂ 97ರಲ್ಲಿ ಇರುವ ಅಜ್ಜಿಗೆ 99 ಬಂದರೆ ಅದೂ ಜ್ವರವೇ ಇರಬಹುದು. ಅಮ್ಮನ ದಿನದ ಬಿಸಿ ಎಷ್ಟು? ನನಗೆ ಗೊತ್ತಿರಲಿಲ್ಲ. ಅವಳು ಆರೋಗ್ಯವಾಗಿದ್ದ ದಿನ ನಾನು ಒಮ್ಮೆಯೂ ನೋಡಿರಲಿಲ್ಲ.

ಇನ್ನೊಂದು ವಿಷಯ ಇತ್ತು. ಮೊಣಕಾಲು ನೋವಿಗೆ ಅಂತ ಅಮ್ಮ ದಿನಾ ಎರಡು ಮಾತ್ರೆ ನುಂಗುತ್ತಿದ್ದಳು. ಪ್ಯಾರಾಸಿಟಮಾಲ್ ಮತ್ತು ಒಂದು ನೋವಿನ ಮಾತ್ರೆ ಸೇರಿದ್ದು. ಮೇಲೆ ಹೇಳಿದೆನಲ್ಲ ಪ್ರೊಸ್ಟಾಗ್ಲಾಂಡಿನ್ ಅಂತ, ಈ ಮಾತ್ರೆಗಳು ಕತ್ತರಿಸುವುದು ಅದನ್ನೇ. ಪೆಟ್ಟಾದ ಜಾಗದಲ್ಲಿ ನೋವಿನ ನರಗಳನ್ನು ಚುರುಕು ಮಾಡುವುದೂ ಅದೇ ಗುಂಪಿನ ರಾಸಾಯನಿಕ, ಮಿದುಳಿನಲ್ಲಿ ಜ್ವರ ಏರಿಸುವುದೂ ಅದೇ. ಆಸ್ಪಿರಿನ್ ಹೇಗೆ ಕೆಲಸ ಮಾಡುತ್ತದೆ ಎಂದು ಜಾನ್ ವೇನ್ ಎಂಬ ವಿಜ್ಞಾನಿ 1971ರಲ್ಲಿ ತೋರಿಸುವ ತನಕ ಇದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಅದಕ್ಕೆ 1982ರಲ್ಲಿ ನೊಬೆಲ್ ಬಂತು. ಅಮ್ಮನ ಮೊಣಕಾಲಿಗೆ ಅಂತ ಕೊಟ್ಟ ಮಾತ್ರೆ, ಬರಬಹುದಾಗಿದ್ದ ಸ್ವಲ್ಪ ಜ್ವರವನ್ನೂ ಒರೆಸಿ ಹಾಕಿರಬಹುದು. ಎರಡೂ ಹೊತ್ತು ಮರೆಯದೆ ಮಾತ್ರೆ ಕೊಟ್ಟವಳು ನಾನು. ಮಾತ್ರೆ ತಪ್ಪು ಅಂತ ಹೇಳುತ್ತಿಲ್ಲ. ಅದಿಲ್ಲದೆ ಅವಳಿಗೆ ಮೆಟ್ಟಿಲು ಇಳಿಯಲು ಆಗುವುದಿಲ್ಲ. ಆದರೆ ಆ ಮಾತ್ರೆ ತಿನ್ನುವವರ ಹಣೆ ತಣ್ಣಗಿದೆ ಅಂದರೆ ಅದಕ್ಕೆ ಜಾಸ್ತಿ ಅರ್ಥ ಇಲ್ಲ ಎಂದು ನನಗೆ ತಿಳಿದಿರಬೇಕಿತ್ತು.

ಮರದಿಂದ ಬಿದ್ದವನು ನಕ್ಕಿದ್ದ

ಮೈ ಸುಮ್ಮನಿದೆ ಅಂದರೆ ಏನೂ ಆಗಿಲ್ಲ ಎಂದಲ್ಲ. ಇದನ್ನು ನಾನು ಚಿಕ್ಕವಳಿದ್ದಾಗಲೇ ನೋಡಿದ್ದೆ. ಅರ್ಥವಾಗಿರಲಿಲ್ಲ ಅಷ್ಟೇ.

ನನಗೆ ಹನ್ನೆರಡು ವರ್ಷ ಇರಬಹುದು. ಅಡಿಕೆ ಕೊನೆ ಕೊಯ್ಲಿನ ಕಾಲ. ನಮ್ಮ ಮನೆಗೆ ಪ್ರತಿ ವರ್ಷ ಬರುತ್ತಿದ್ದ ಕೊನೆಗಾರ ಮರದಿಂದ ಮರಕ್ಕೆ ದಾಟುತ್ತಿದ್ದ. ನಾವು ಮಕ್ಕಳು ಕೆಳಗೆ ಉದುರಡಿಕೆ ಹೆಕ್ಕುತ್ತಿದ್ದೆವು. ಮರದ ತುದಿ ಮುರಿದ ಸದ್ದು ಮೊದಲು ಕೇಳಿತು. ಆಮೇಲೆ ಅವನು ಕೆಳಗಿದ್ದ. ಕಾಲುವೆಯ ಬದಿಯ ಸೊಪ್ಪಿನ ರಾಶಿಯ ಮೇಲೆ ಬಿದ್ದದ್ದು ಅವನ ಪುಣ್ಯ. ಎದ್ದು ನಿಂತ. ಎಡಗೈ ಮೊಣಕೈಯಿಂದ ಕೆಳಗೆ ಬೇರೆ ದಿಕ್ಕಿಗೆ ತಿರುಗಿತ್ತು. ಅವನು ಅದನ್ನು ನೋಡಲೇ ಇಲ್ಲ. ಬಲಗೈಯಲ್ಲಿ ಕತ್ತಿ ಹುಡುಕಿ ಎತ್ತಿಕೊಂಡ. ಓಡಿ ಬಂದ ಅಪ್ಪಯ್ಯನನ್ನು ನೋಡಿ ನಕ್ಕು, 'ಏನಾಗ್ಲಿಲ್ಲ ಅಯ್ಯಾ, ಒಂದ್ ಲೋಟ ನೀರು ಕೊಡಿ' ಅಂದ. ತೋಟದಿಂದ ಮನೆಯ ತನಕ ದರೆ ಹತ್ತಿಕೊಂಡು ನಡೆದೇ ಬಂದ. ಜಗಲಿಯ ಮೇಲೆ ಕೂತು ನೀರು ಕುಡಿದ. ಅರ್ಧ ಗಂಟೆ ಕಳೆದಿರಬೇಕು. ಜೀಪು ಬರುವ ಹೊತ್ತಿಗೆ ಅವನು ಕೂಗಿದ ಕೂಗು ನನಗೆ ಇವತ್ತಿಗೂ ನೆನಪಿದೆ. ಅದೇ ಕೈ, ಅದೇ ಮುರಿತ. ಅರ್ಧ ಗಂಟೆ ಆ ನೋವು ಎಲ್ಲಿತ್ತು?

1944ರಲ್ಲಿ ಇಟಲಿಯ ಆನ್ಜಿಯೋ ಎಂಬಲ್ಲಿ ಯುದ್ಧದ ಗಾಯಾಳುಗಳನ್ನು ನೋಡಿಕೊಳ್ಳುತ್ತಿದ್ದ ಹೆನ್ರಿ ಬೀಚರ್ ಎಂಬ ಅಮೆರಿಕದ ವೈದ್ಯನಿಗೂ ಇದೇ ಪ್ರಶ್ನೆ ಎದುರಾಗಿತ್ತು. ದೊಡ್ಡ ದೊಡ್ಡ ಗಾಯಗಳಾಗಿದ್ದ ಸೈನಿಕರಲ್ಲಿ ಬಹಳ ಮಂದಿ ನೋವಿನ ಇಂಜೆಕ್ಷನ್ ಬೇಡ ಎನ್ನುತ್ತಿದ್ದರು. ಗಾಯ ದೊಡ್ಡದಾದಷ್ಟೂ ನೋವು ದೊಡ್ಡದು ಎಂಬ ಲೆಕ್ಕ ಅಲ್ಲಿ ನಡೆಯಲಿಲ್ಲ. 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಎಂಬಿಬ್ಬರು ವಿಜ್ಞಾನಿಗಳು ಬೆನ್ನುಹುರಿಯಲ್ಲಿ ಒಂದು ಬಾಗಿಲಿದೆ ಎಂಬ ವಿಚಾರ ಮುಂದಿಟ್ಟರು. ಗಾಯದ ಸುದ್ದಿ ಮೇಲೆ ಹೋಗಬೇಕಾದರೆ ಆ ಬಾಗಿಲು ದಾಟಬೇಕು. ಮಿದುಳು ಬೇಕೆಂದರೆ ಅದನ್ನು ತೆರೆಯುತ್ತದೆ, ಬೇಡವೆಂದರೆ ಮುಚ್ಚುತ್ತದೆ. ಮುಂದೆ 1975ರಲ್ಲಿ, ನಮ್ಮ ಮೈಯೇ ಅಫೀಮಿನಂಥ ರಾಸಾಯನಿಕ ಮಾಡಿಕೊಳ್ಳುತ್ತದೆ ಎಂದೂ ಗೊತ್ತಾಯಿತು. ಜೀವಕ್ಕೆ ಅಪಾಯ ಬಂದ ಹೊತ್ತಿನಲ್ಲಿ ಮೊದಲು ಓಡಬೇಕು, ಎದ್ದು ನಿಲ್ಲಬೇಕು. ನೋವು ಆಮೇಲೆ. ಮೈ ಹಾಗೆ ಸರದಿ ಹಾಕುತ್ತದೆ. (ಕಲ್ಲಿಗೆ ಎಡವಿದಾಗ ಬೆರಳನ್ನು ಗಟ್ಟಿಯಾಗಿ ಉಜ್ಜಿದರೆ ನೋವು ಕಡಿಮೆಯಾಗುವುದೂ ಈ ಬಾಗಿಲಿನಿಂದಲೇ. ಉಜ್ಜಿದ ಸುದ್ದಿ ದಪ್ಪ ನರಗಳಲ್ಲಿ ಬೇಗ ಬಂದು ನೋವಿನ ಸುದ್ದಿಯ ದಾರಿ ಕಟ್ಟುತ್ತದೆ. ಅಮ್ಮಂದಿರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.)

ನಮ್ಮ ಕಾಡಿನಲ್ಲಿ ಈ ಬಾಗಿಲನ್ನು ಹೊರಗಿನವರೂ ಮುಚ್ಚುತ್ತಾರೆ. ಇಂಬಳ ಕಚ್ಚಿದ್ದು ಯಾರಿಗಾದರೂ ಆ ಕ್ಷಣ ಗೊತ್ತಾಗಿದೆಯಾ? ಮನೆಗೆ ಬಂದು ಕಾಲು ತೊಳೆಯುವಾಗ ರಕ್ತ ಕಂಡರೆ ಗೊತ್ತು. ಉಣುಗು ಇನ್ನೂ ಜಾಣ. ಅದರ ಎಂಜಲಿನಲ್ಲಿ ಕಡಿತದ ತುರಿಕೆ, ಉರಿ, ಊತವನ್ನು ತಡೆಯುವ ಅಂಶಗಳಿವೆ. ಹಾಗಾಗಿ ದಿನಗಟ್ಟಲೆ ಕಚ್ಚಿಕೊಂಡೇ ಇರುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಹರಡುವುದು ಈ ಉಣುಗಿನಿಂದಲೇ ಎಂದು ನಮ್ಮ ಕಡೆಯ ಮಕ್ಕಳಿಗೂ ಗೊತ್ತು. ಗೊತ್ತಿರುವಷ್ಟು ಗಮನಕ್ಕೆ ಬಾರದ ಇನ್ನೊಂದು ಮಾತಿದೆ. ಆ ಜ್ವರ ಬಿಟ್ಟಿತು ಅನ್ನಿಸಿ ಒಂದೆರಡು ವಾರವಾದ ಮೇಲೆ, ನೂರಕ್ಕೆ ಹತ್ತಿಪ್ಪತ್ತು ಮಂದಿಗೆ ಎರಡನೇ ಸಲ ಜ್ವರ ತಿರುಗುತ್ತದೆ. ಈ ಸಲ ತಲೆನೋವು, ನಡುಕ, ಗೊಂದಲ ಜೊತೆಗೆ. ನಡುವಿನ ಆ ದಿನಗಳಲ್ಲಿ ಥರ್ಮಾಮೀಟರ್ ಏನೂ ಹೇಳುವುದಿಲ್ಲ. ಸೌದೆಗೆ, ದರಗಿಗೆ ಮತ್ತೆ ಕಾಡಿಗೆ ಹೋಗಲು ಶುರು ಮಾಡಿದವರೂ ಇರುತ್ತಾರೆ.

ಮೆಲುಕು

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ನನ್ನನ್ನು ಬೈಯಲಿಲ್ಲ. ಅವರು ಕೇಳಿದ್ದು ಒಂದೇ ಪ್ರಶ್ನೆ. 'ಅಮ್ಮ ಯಾವತ್ತಿನಿಂದ ಅವರ ಹಾಗೆ ಇಲ್ಲ?'

ಜ್ವರ ಎಷ್ಟಿತ್ತು ಎಂದು ಕೇಳಿದ್ದರೆ ಕೂಡಲೇ ಹೇಳುತ್ತಿದ್ದೆ. ಇದಕ್ಕೆ ಯೋಚಿಸಬೇಕಾಯಿತು. ಯೋಚಿಸಿದಷ್ಟೂ ಹಿಂದೆ ಹೋಯಿತು. ಕವಳ ಬಿಟ್ಟದ್ದು ಎರಡನೇ ದಿನ. ಅದಕ್ಕೂ ಹಿಂದಿನ ದಿನ ಹಾಲು ಕರೆಯಲು ಅತ್ತಿಗೆ ಹೋದಾಗ, 'ಕರುವಿಗೆ ಬಿಟ್ಯಾ' ಎಂದು ಒಳಗಿನಿಂದ ಕೂಗಿ ಕೇಳಿರಲಿಲ್ಲ. ಮದುವೆಯಾಗಿ ಬಂದು ಇಪ್ಪತ್ತು ವರ್ಷದಲ್ಲಿ ಅತ್ತಿಗೆ ಆ ಪ್ರಶ್ನೆ ಕೇಳಿಸಿಕೊಳ್ಳದ ದಿನವಿಲ್ಲ. ಅವಳಿಗೂ ಅವತ್ತು ಏನೋ ಬಿಟ್ಟುಹೋದ ಹಾಗೆ ಅನ್ನಿಸಿತ್ತಂತೆ. ಏನು ಅಂತ ಹೊಳೆಯಲಿಲ್ಲವಂತೆ.

ಐಸಿಯು ಹೊರಗಿನ ಬೆಂಚಿನ ಮೇಲೆ ಕೂತು ನಾನು ಕೊಟ್ಟಿಗೆಯನ್ನೇ ನೆನೆಸಿಕೊಳ್ಳುತ್ತಿದ್ದೆ. ದನಕ್ಕೆ ಹುಷಾರಿಲ್ಲ ಎಂದು ಅಮ್ಮನಿಗೆ ಹೇಗೆ ಗೊತ್ತಾಗುತ್ತಿತ್ತು? ಅವಳು ಯಾವತ್ತೂ ಥರ್ಮಾಮೀಟರ್ ಹಿಡಿದು ಕೊಟ್ಟಿಗೆಗೆ ಹೋದವಳಲ್ಲ. ಬಾಗಿಲಲ್ಲಿ ನಿಂತು ಒಂದು ಸಲ ನೋಡುತ್ತಿದ್ದಳು. 'ಕೌಲಿ ಮೆಲುಕು ಹಾಕ್ತಿಲ್ಲ' ಎನ್ನುತ್ತಿದ್ದಳು. ಆಮೇಲೆ ಕಿವಿ ಮುಟ್ಟುತ್ತಿದ್ದಳು, ಮೂತಿ ಒಣಗಿದೆಯಾ ನೋಡುತ್ತಿದ್ದಳು. ಮೊದಲು ಮೆಲುಕು. ಹುಷಾರಿಲ್ಲದ ಪ್ರಾಣಿ ಮೇವು ಬಿಡುತ್ತದೆ, ಮೂಲೆ ಸೇರುತ್ತದೆ, ಮೈ ನೆಕ್ಕಿಕೊಳ್ಳುವುದನ್ನೂ ಬಿಡುತ್ತದೆ. ಇದು ಸೋತು ಬಿದ್ದ ಲಕ್ಷಣ ಅಲ್ಲ, ಸೋಂಕಿನ ಜೊತೆ ಹೊಡೆದಾಡಲು ಶಕ್ತಿ ಉಳಿಸಿಕೊಳ್ಳುವ ಕ್ರಮ ಎಂದು ಪಶುವೈದ್ಯ ಬೆಂಜಮಿನ್ ಹಾರ್ಟ್ 1988ರಲ್ಲಿ ಬರೆದರು. ಕಾವಲಿನ ಕಣಗಳು ಬಿಡುವ ಆ ರಾಸಾಯನಿಕಗಳೇ ಮಿದುಳಿಗೆ ಹೋಗಿ ಹಸಿವು, ಮಾತು, ಆಸೆಗಳನ್ನು ಒಂದೊಂದಾಗಿ ಆರಿಸುತ್ತವೆ. ಅಂದರೆ ಜ್ವರ ಬಾರದ ಅಮ್ಮನಲ್ಲೂ ಉಳಿದ ಕೆಲಸವೆಲ್ಲ ನಡೆದೇ ಇತ್ತು. ಅವಳ ಮೆಲುಕು ನಿಂತಿತ್ತು. ಕವಳದ ತಟ್ಟೆ ಮುಚ್ಚಿಯೇ ಇತ್ತು.

ಶುಗರಿನ ಕಥೆಯೂ ಹಾಗೇ. ಎರಡು ದಿನ ಸರಿಯಾಗಿ ತಿನ್ನದವಳಿಗೆ 312 ಹೇಗೆ ಬಂತು ಎಂದು ಅಣ್ಣ ಕೇಳಿದ. ಅಮ್ಮನಿಗೆ ಶುಗರ್ ಮೊದಲೇ ಇದೆ, ಆದರೆ 150 ದಾಟುತ್ತಿರಲಿಲ್ಲ. ಮೈಗೆ ಕಷ್ಟ ಬಂದಾಗ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಾಲಿನ್, ಕಾರ್ಟಿಸೋಲ್ ಎಂಬ ಹಾರ್ಮೋನುಗಳನ್ನು ಸುರಿಯುತ್ತವೆ. ಕಣಜದ ಬಾಗಿಲು ತೆಗೆದ ಹಾಗೆ ಯಕೃತ್ತು ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ. ಪೆಟ್ಟು, ಸೋಂಕು, ಚಳಿ, ಭಯ, ಯಾವುದೇ ಇರಲಿ ಮೈಯ ಉತ್ತರದಲ್ಲಿ ಒಂದು ಭಾಗ ಒಂದೇ ಥರ ಇರುತ್ತದೆ ಎಂದು ಹಾನ್ಸ್ ಸೆಲ್ಯೆ ಎಂಬ ವಿಜ್ಞಾನಿ 1936ರಲ್ಲೇ ಗುರುತಿಸಿದ್ದರು. ಇವತ್ತು ಎಲ್ಲರ ಬಾಯಲ್ಲಿರುವ 'ಸ್ಟ್ರೆಸ್' ಎಂಬ ಮಾತು ಹರಡಿದ್ದು ಅವರಿಂದಲೇ. ನಮ್ಮ ಮನೆಯ ಗೂಡಿನಲ್ಲಿ ಶುಗರ್ ನೋಡುವ ಮಿಷನ್ ಇತ್ತು. ಅವಳು ಊಟ ಮಾಡದ್ದರಿಂದ ಶುಗರ್ ಜಾಸ್ತಿ ಇರಲು ಸಾಧ್ಯವಿಲ್ಲ ಎಂದು ನಾನು ಅದನ್ನು ಮುಟ್ಟಲಿಲ್ಲ.

ನಂಜು ಏರುವುದು ಅಂದರೆ ರೋಗಾಣು ಎಲ್ಲ ಕಡೆ ಹೋಗಿ ಕಚ್ಚುವುದು ಎಂದು ನಾನು ತಿಳಿದಿದ್ದೆ. ಹೆಚ್ಚಿನ ಹಾನಿ ಮಾಡುವುದು ಮೈಯ ಉತ್ತರವೇ, ಅದು ಹತೋಟಿ ತಪ್ಪಿದಾಗ. ಗಾಯದ ಜಾಗದಲ್ಲಿ ರಕ್ತನಾಳ ಹಿಗ್ಗಿ ತುಸು ಸೋರುವುದು ಒಳ್ಳೆಯದು, ಕಾವಲಿನ ಕಣಗಳು ಹೊರಗೆ ಬರಬೇಕಲ್ಲ. ಅದೇ ಮೈತುಂಬ ಆದರೆ ಬಿಪಿ ಕುಸಿಯುತ್ತದೆ. ಮಿದುಳಿಗೆ, ಮೂತ್ರಪಿಂಡಕ್ಕೆ ರಕ್ತ ಸಾಲುವುದಿಲ್ಲ. ಅದಕ್ಕೇ ಆ ಏದುಸಿರು, ಅದಕ್ಕೇ ನಾನು ಚಿಕ್ಕಮ್ಮನಾಗಿ ಕಂಡದ್ದು. ಉಸಿರು ನಿಮಿಷಕ್ಕೆ 22 ಅಥವಾ ಅದಕ್ಕಿಂತ ಜಾಸ್ತಿ, ಮೇಲಿನ ಬಿಪಿ 100 ಅಥವಾ ಅದಕ್ಕಿಂತ ಕಡಿಮೆ, ಬುದ್ಧಿ ಮಂಕು. 2016ರಲ್ಲಿ ವೈದ್ಯರು ಒಟ್ಟು ಸೇರಿ ಎಚ್ಚರಿಕೆಯ ಗಂಟೆ ಎಂದು ಪಟ್ಟಿ ಮಾಡಿದ್ದು ಈ ಮೂರನ್ನು. ಅದರಲ್ಲಿ ಜ್ವರ ಇಲ್ಲವೇ ಇಲ್ಲ. ಇವಿಷ್ಟನ್ನೇ ನಂಬಿ ಕೂರಬಾರದು ಎಂದೂ ಆಮೇಲೆ ಹೇಳಿದ್ದಾರೆ, ಅದು ಸರಿ. ಆದರೆ ಉಸಿರು ಎಣಿಸಲು ಗಡಿಯಾರ ಒಂದು ಸಾಕು. ಮೂರು ದಿನದಲ್ಲಿ ನಾನು ಒಮ್ಮೆ ಎಣಿಸಿದ್ದರೂ ಸಾಕಿತ್ತು.

ಒಂಬತ್ತು ದಿನಕ್ಕೆ ಅಮ್ಮ ಮನೆಗೆ ಬಂದಳು. ಬಹಳ ಇಳಿದು ಹೋಗಿದ್ದಳು. ದೀಪಾವಳಿಯ ತನಕ ಕೋಲು ಹಿಡಿದೇ ಓಡಾಡಿದಳು.

ಮಾರ್ಗಶಿರದಲ್ಲಿ ಅಡಿಕೆ ಸುಲಿತ ಶುರುವಾದಾಗ ಮನೆಮಂದಿಗೆಲ್ಲ ಶೀತ ಹರಡಿತು. ಅಮ್ಮನಿಗೂ ಬಂತು. ರಾತ್ರಿ ಎಂಟರ ಹೊತ್ತಿಗೆ ನಡುಗುತ್ತಾ ಕಂಬಳಿ ಕೇಳಿದಳು. ಈಗ ಅವಳ ದಿನದ ಬಿಸಿ ನನಗೆ ಗೊತ್ತು, 97.4. ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಟ್ಟಿದ್ದೇನೆ. ಥರ್ಮಾಮೀಟರ್ 100.6 ತೋರಿಸಿತು. ನನ್ನ ಕಣ್ಣು ತುಂಬಿತು. ಅವಳ ಮೈ ಇನ್ನೂ ಒಲೆ ಹಚ್ಚಬಲ್ಲದು ಎಂದೋ, ಈ ಸಲ ನನಗೆ ಕಾಣುವ ಹಾಗೆ ಹೇಳಿತಲ್ಲ ಎಂದೋ ಗೊತ್ತಿಲ್ಲ. ಡಾಕ್ಟರಮ್ಮನಿಗೆ ಫೋನ್ ಮಾಡಿದೆ. ಶುಗರ್ ನೋಡಿದೆ. ಗಡಿಯಾರ ಹಿಡಿದು ಕಂಬಳಿ ಏರಿಳಿಯುವುದನ್ನು ಎಣಿಸಿದೆ. ಹದಿನೆಂಟು. ಇನ್ನೊಮ್ಮೆ ಎಣಿಸಿದೆ.

'ಏನೇ ಅದು ಬಾಯಲ್ಲಿ ಲೆಕ್ಕ ಹಾಕ್ತಾ ಕೂತಿದೀಯ?' ಅಂದಳು ಅಮ್ಮ ಕಂಬಳಿಯ ಒಳಗಿಂದ.

'ಸುಮ್ನೆ ಅಮ್ಮ.'

'ಸುಮ್ನೆ ಕೂರೋ ಬದಲು ಆ ತಟ್ಟೆ ಇತ್ಲಾಗೆ ಸರಿಸು. ಎಲೆ ಒಣಗಿ ಹೋಗಿರತ್ತೆ, ನೋಡು.'

ಕವಳದ ತಟ್ಟೆ ಸರಿಸಿದೆ. ಎಲೆ ಒಣಗಿರಲಿಲ್ಲ.